ಸೂಜಿಗೆ ಕಣ್ಣು ಬಂದ ಕಥೆ

ನೂಲು ಪೋಣಿಸುವ ಸೂಜಿಗೂ ಒಂದು ಕಣ್ಣಿರುತ್ತದೆ. ಕ್ಯಾನ್ಸರ್ ಇದೆಯೇ ಎಂದು ನೋಡಲು ಪ್ರಾಸ್ಟೇಟ್ ಗ್ರಂಥಿಯಿಂದ ಚೂರು ತೆಗೆಯುವ (ಬಯಾಪ್ಸಿ) ಸೂಜಿಗೆ ಮಾತ್ರ ದಶಕಗಳ ಕಾಲ ಕಣ್ಣಿರಲಿಲ್ಲ. ವೈದ್ಯರು ಗುದದ್ವಾರದೊಳಗೆ ಬೆರಳಿಟ್ಟು ತಡವುತ್ತಿದ್ದರು, ಗಟ್ಟಿಯಾಗಿ ಕಂಡ ಕಡೆ ಚುಚ್ಚುತ್ತಿದ್ದರು. ಬೆರಳಿಗೆ ಎಟುಕದ ಗಂಟು ಸೂಜಿಗೂ ತಪ್ಪಿಸಿಕೊಳ್ಳುತ್ತಿತ್ತು.

1960ರ ದಶಕದ ಕೊನೆಯಲ್ಲಿ ಜಪಾನಿನ ವೈದ್ಯ ಹಿರೋಕಿ ವತನಾಬೆ ಒಂದು ವಿಚಿತ್ರ ಕುರ್ಚಿ ಮಾಡಿಸಿದರು. ರೋಗಿ ಅದರ ಮೇಲೆ ಕೂತರೆ, ಆಸನದ ನಡುವಿನಿಂದ ಮೇಲೇಳುವ ಅಲ್ಟ್ರಾಸೌಂಡ್ ಕಡ್ಡಿ ಗುದನಾಳದೊಳಗಿಂದ ಗ್ರಂಥಿಯ ಚಿತ್ರ ತೆಗೆಯುತ್ತಿತ್ತು. ಮುಂದೆ ಕುರ್ಚಿ ಹೋಯಿತು, ಕಡ್ಡಿ ಉಳಿಯಿತು. 1989ರಲ್ಲಿ ಸ್ಟ್ಯಾನ್‌ಫರ್ಡ್‌ನ ಹಾಡ್ಜ್, ಮೆಕ್‌ನೀಲ್ ಮತ್ತು ಸ್ಟೇಮಿ, ಅಲ್ಟ್ರಾಸೌಂಡ್ ನೋಡುತ್ತ ಆರು ಗೊತ್ತಾದ ಜಾಗಗಳಿಂದ ಚೂರು ತೆಗೆಯುವ ಕ್ರಮ ಹಾಕಿಕೊಟ್ಟರು. ಆರು ಕ್ರಮೇಣ ಹನ್ನೆರಡಾಯಿತು.

ಆದರೂ ಅದು ಅರೆಗಣ್ಣು. ಅಲ್ಟ್ರಾಸೌಂಡಿನಲ್ಲಿ ಗ್ರಂಥಿ ಕಾಣುತ್ತದೆ, ಅದರೊಳಗಿನ ಗಡ್ಡೆ ಅನೇಕ ಸಲ ಕಾಣುವುದಿಲ್ಲ. ಹೊಲದ ಬದು ತಿಳಿದಿದೆ, ಹಾವಿನ ಬಿಲ ಎಲ್ಲಿದೆಯೋ ತಿಳಿಯದು.

ಹೀಗೆ ಎಷ್ಟು ಗಡ್ಡೆ ತಪ್ಪಿಸಿಕೊಳ್ಳುತ್ತವೆ ಎಂಬ ಲೆಕ್ಕ ಸಿಕ್ಕಿದ್ದು 2017ರಲ್ಲಿ. ಬ್ರಿಟನ್ನಿನ ‘ಪ್ರಾಮಿಸ್’ ಅಧ್ಯಯನದಲ್ಲಿ 576 ಗಂಡಸರಿಗೆ ಎಂಆರ್‌ಐಯನ್ನೂ ಹಳೆಯ ಬಯಾಪ್ಸಿಯನ್ನೂ ಮಾಡಿ, ಸತ್ಯ ಯಾವುದೆಂದು ತಿಳಿಯಲು ಗ್ರಂಥಿಯನ್ನು ಐದೈದು ಮಿಲಿಮೀಟರಿಗೆ ಒಂದರಂತೆ ಚುಚ್ಚಿ ನೋಡಿದರು. (ಅಷ್ಟು ಚುಚ್ಚಿಸಿಕೊಳ್ಳಲು ಒಪ್ಪಿದವರಿಗೆ ನಮಸ್ಕಾರ.) ಅಪಾಯಕಾರಿ ಕ್ಯಾನ್ಸರುಗಳಲ್ಲಿ ಎಂಆರ್‌ಐ ಶೇ 93ರಷ್ಟನ್ನು ಗುರುತಿಸಿತು, ಹಳೆಯ ಬಯಾಪ್ಸಿ ಶೇ 48ರಷ್ಟನ್ನು. ಎಂಆರ್‌ಐಗೂ ಒಂದು ದೋಷವಿದೆ: ಅದು ಹಗ್ಗವನ್ನೂ ಹಾವೆನ್ನುತ್ತದೆ. ಹಾಗಾಗಿ ಸೂಜಿ ಬಿಡುವಂತಿಲ್ಲ.

ಮರುವರ್ಷ 500 ಜನರ ‘ಪ್ರಿಸಿಷನ್’ ಪರೀಕ್ಷೆ ಬಂತು. ಮೊದಲು ಎಂಆರ್‌ಐ, ಅನುಮಾನವಿದ್ದರಷ್ಟೇ ಆ ಜಾಗಕ್ಕೆ ಸೂಜಿ ಎಂಬ ಕ್ರಮದಲ್ಲಿ ಶೇ 38 ಮಂದಿಯಲ್ಲಿ ಅಪಾಯಕಾರಿ ಕ್ಯಾನ್ಸರ್ ಪತ್ತೆಯಾಯಿತು. ಹಳೆಯ ಕ್ರಮದಲ್ಲಿ ಅದು ಶೇ 26. ಅದಕ್ಕಿಂತ ಮುಖ್ಯವಾಗಿ, ಎಂಆರ್‌ಐ ಗುಂಪಿನ ಶೇ 28 ಮಂದಿಗೆ ಬಯಾಪ್ಸಿಯೇ ಬೇಕಾಗಲಿಲ್ಲ.

ಇನ್ನು ಆ ಜಾಗಕ್ಕೆ ಸೂಜಿ ತಲುಪಿಸುವುದು ಹೇಗೆ? ಎಂಆರ್‌ಐ ಚಿತ್ರ ನೆನಪಿಟ್ಟುಕೊಂಡು ಅಲ್ಟ್ರಾಸೌಂಡಿನಲ್ಲಿ ಅಂದಾಜು ಮಾಡಬಹುದು. ಎರಡೂ ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುವ ‘ಫ್ಯೂಷನ್’ ಯಂತ್ರ ಬಳಸಬಹುದು. ರೋಗಿ ಎಂಆರ್‌ಐ ಯಂತ್ರದೊಳಗಿರುವಾಗಲೇ ಚುಚ್ಚಬಹುದು. ದುಬಾರಿ ಯಂತ್ರವೇ ಗೆಲ್ಲುತ್ತದೆ ಎಂದುಕೊಂಡವರಿಗೆ 2019ರಲ್ಲಿ ನೆದರ್ಲೆಂಡ್ಸ್‌ನ ಅಧ್ಯಯನ ನಿರಾಸೆ ತಂದಿತು. 234 ಜನರಲ್ಲಿ ಮೂರನ್ನೂ ಹೋಲಿಸಿದಾಗ ಅಪಾಯಕಾರಿ ಕ್ಯಾನ್ಸರ್ ಸಿಕ್ಕ ಪ್ರಮಾಣ ಮೂರರಲ್ಲೂ ಹೆಚ್ಚುಕಡಿಮೆ ಒಂದೇ: ಮೂವರಲ್ಲಿ ಒಬ್ಬರಿಗೆ.

ರಕ್ತದಲ್ಲಿ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ಪ್ರೋಟೀನು) ಏರಿದೆ, ಬಯಾಪ್ಸಿ ಮಾಡೋಣ ಎಂದು ವೈದ್ಯರು ಹೇಳಿದರೆ, ಯಂತ್ರ ಯಾವುದೆಂದು ಆಮೇಲೆ ವಿಚಾರಿಸಿ. ಅದಕ್ಕೆ ಮೊದಲು ಎಂಆರ್‌ಐ ಆಗಬೇಕಲ್ಲವೇ ಎಂದು ಕೇಳಿ.