ಕೊನೆಯ ದಿನಗಳ ಸಾಮೀಪ್ಯ
ಮರಣಶಯ್ಯೆಯಲ್ಲಿರುವವರಿಗೆ ಔಷಧ, ಪಥ್ಯ, ಪ್ರಾರ್ಥನೆ ಎಲ್ಲವೂ ದೊರೆಯುತ್ತವೆ. ಬಾಳಸಂಗಾತಿಯ ಮೈಸೋಂಕು ಮಾತ್ರ ತಪ್ಪಿಹೋಗುತ್ತದೆ. ಒಂಟಿ ಮಂಚ, ತೆರೆದ ಬಾಗಿಲು, ಸುತ್ತಲೂ ಬಂಧುಗಳು!

1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಸ್ಥಾಪಿಸಿದ ಸಿಸಿಲಿ ಸಾಂಡರ್ಸ್ ಅವರು, ಸಾಯುವವರ ನೋವು ದೇಹದ್ದಷ್ಟೇ ಅಲ್ಲ, ಮನಸ್ಸಿನದೂ ಬಾಂಧವ್ಯದ್ದೂ ಹೌದೆಂದು ಬೋಧಿಸಿದರು.

ಬಾಂಧವ್ಯದ ಈ ನೋವಿಗೆ ಉಪಾಯಗಳು ಸರಳವಾದುವು. ಕ್ಯಾನ್ಸರ್ ಅಪ್ಪುಗೆಯಿಂದ ಅಂಟದು. ಎರಡು ಮಂಚಗಳನ್ನು ಜೋಡಿಸಬಹುದು. ವೈದ್ಯರು ಗೊತ್ತುಮಾಡಿದ ನೋವಿನ ಔಷಧವನ್ನು ಅವರ ಸಲಹೆಯಂತೆ ಸ್ವಲ್ಪ ಮುಂಚೆ ಕೊಡಬಹುದು. ದಿಂಬುಗಳು ಮೈಗೆ ಆಸರೆಯಾಗುತ್ತವೆ. ದೇಹಸಂಬಂಧಕ್ಕೆ ಶಕ್ತಿ ಸಾಲದಿದ್ದರೂ ಅಪ್ಪಿ ಮಲಗುವ ನೆಮ್ಮದಿಯುಂಟು.

ನಾಚಿಕೆ ರೋಗಿಯ ಬಾಯಿ ಕಟ್ಟುತ್ತದೆ. ಆದುದರಿಂದ ದಾದಿಯೇ ಮೆಲ್ಲನೆ ವಿಚಾರಿಸಬೇಕು. ಬಳಿಕ ಬಾಗಿಲು ಮುಚ್ಚಬೇಕು. ತಟ್ಟದೆ ಯಾರೂ ಒಳಹೋಗಬಾರದು. ಕಡೆಯುಸಿರಿನವರೆಗೂ ಅವರು ಗಂಡಹೆಂಡಿರೇ ಅಲ್ಲವೇ?