ಎರಡೂ ಕಡೆಯಿಂದ ಒಂದೇ ಬಾವುಟ

ಸ್ವಾತಂತ್ರ್ಯ ಹೋರಾಟದ ಕಾಲದ ತ್ರಿವರ್ಣ ಧ್ವಜದ ನಡುವೆ ಇದ್ದದ್ದು ಚರಕ. 1921ರಲ್ಲಿ ಪಿಂಗಳಿ ವೆಂಕಯ್ಯನವರು ಬೆಜವಾಡದಲ್ಲಿ ಗಾಂಧೀಜಿಗೆ ಕೊಟ್ಟ ಕೆಂಪು-ಹಸಿರು ಮಾದರಿಗೆ ಆಮೇಲೆ ಬಿಳಿ ಪಟ್ಟಿಯೂ ಚರಕವೂ ಸೇರಿದವು. 1931ರಲ್ಲಿ ಕಾಂಗ್ರೆಸ್ಸು ಕೇಸರಿ, ಬಿಳಿ, ಹಸಿರು ಎಂದು ನಿಶ್ಚಯಿಸಿದಾಗಲೂ ಚರಕ ಉಳಿಯಿತು. ಹಾಗಿದ್ದರೆ 1947ರ ಜುಲೈ 22ರಂದು ಸಂವಿಧಾನ ಸಭೆ ಅದರ ಜಾಗದಲ್ಲಿ ಸಾರನಾಥದ ಅಶೋಕ ಸ್ತಂಭದ ಚಕ್ರವನ್ನು ತಂದದ್ದೇಕೆ?

ನಿರ್ಣಯ ಮಂಡಿಸಿದ ನೆಹರೂ ಕೊಟ್ಟ ಕಾರಣಗಳಲ್ಲಿ ಒಂದು ಶುದ್ಧ ವ್ಯಾವಹಾರಿಕವಾದದ್ದು. ಬಾವುಟವನ್ನು ಎರಡೂ ಕಡೆಯಿಂದ ನೋಡುತ್ತಾರೆ. ಚರಕಕ್ಕೆ ಒಂದು ಬದಿಗೆ ಗಾಲಿ, ಇನ್ನೊಂದು ಬದಿಗೆ ಕದಿರು. ಹಿಂದಿನಿಂದ ನೋಡಿದರೆ ಅದು ಅದಲುಬದಲಾಗಿ ಕಾಣುತ್ತದೆ. ಬರಿಯ ಚಕ್ರಕ್ಕೆ ಆ ತೊಡಕಿಲ್ಲ. ಗಾಳಿ ಎತ್ತ ಬೀಸಿದರೂ ಅದು ಒಂದೇ ರೂಪ. ಚರಕದ ಗಾಲಿಯೂ ಒಂದರ್ಥದಲ್ಲಿ ಅದರೊಳಗೆ ಉಳಿದುಕೊಂಡಿತು. ವಿನ್ಯಾಸವೂ ಆಶಯವೂ ಇಷ್ಟು ಚೆನ್ನಾಗಿ ಕೂಡಿಬಂದದ್ದು ಅಪರೂಪ.

ಬಣ್ಣಗಳ ಅರ್ಥ ಆ ನಿರ್ಣಯದ ಪಠ್ಯದಲ್ಲಿಲ್ಲ. ಸಭೆಯಲ್ಲಿ ಅದನ್ನು ಬಿಡಿಸಿ ಹೇಳಿದವರು ಡಾ. ಎಸ್. ರಾಧಾಕೃಷ್ಣನ್: ಕೇಸರಿ ತ್ಯಾಗಕ್ಕೆ, ಬಿಳಿ ಸತ್ಯದ ದಾರಿಗೆ, ಹಸಿರು ಮಣ್ಣಿನೊಂದಿಗಿನ ನಂಟಿಗೆ, ಚಕ್ರ ಧರ್ಮಕ್ಕೂ ಚಲನೆಗೂ. ಒಂದೊಂದು ಬಣ್ಣವನ್ನು ಒಂದೊಂದು ಮತಕ್ಕೆ ಹಂಚುವ ವ್ಯಾಖ್ಯಾನ ಇಂದಿಗೂ ಕೇಳಿಬರುತ್ತದೆ. ಅದು ತಪ್ಪು. ಈ ಬಣ್ಣಗಳಿಗೆ ಕೋಮಿನ ಅರ್ಥವಿಲ್ಲ ಎಂದು 1931ರಲ್ಲೇ ಸ್ಪಷ್ಟಪಡಿಸಲಾಗಿತ್ತು.

ಇನ್ನು ಅಳತೆ. ಉದ್ದ-ಅಗಲ 3:2, ಮೂರು ಪಟ್ಟಿಗಳೂ ಸಮ. ಚಕ್ರದ ಬಣ್ಣ ಕಡುನೀಲಿ, ಗೆರೆಗಳು 24. ಭಾರತೀಯ ಮಾನಕಗಳಲ್ಲಿ ಮೊದಲ ಸಂಖ್ಯೆಯೇ ಬಾವುಟದ್ದು. ಅದು ಒಂಬತ್ತು ಗಾತ್ರಗಳನ್ನು ನಿಗದಿ ಮಾಡಿದೆ: ಅತಿ ದೊಡ್ಡದು 6300×4200 ಮಿ.ಮೀ., ಮೇಜಿನ ಮೇಲಿಡುವುದು 150×100 ಮಿ.ಮೀ. 900×600ರ ಬಾವುಟದಲ್ಲಿ ಬಿಳಿ ಪಟ್ಟಿ 200 ಮಿ.ಮೀ., ಚಕ್ರದ ವ್ಯಾಸ 185. ಅಂದರೆ ಚಕ್ರ ಪಟ್ಟಿಯನ್ನು ಹೆಚ್ಚುಕಡಿಮೆ ತುಂಬಬೇಕು, ಅಂಚಿಗೆ ತಾಗಬಾರದು. ಮಾರುಕಟ್ಟೆಯ ಎಷ್ಟೋ ಬಾವುಟಗಳು ಎಡವುವುದು ಇಲ್ಲೇ.

ಈ ಮಾನಕದಂತೆ ಖಾದಿ ಬಾವುಟ ತಯಾರಿಸುವಲ್ಲಿ ಹುಬ್ಬಳ್ಳಿಯ ಬೆಂಗೇರಿ ಹೆಸರುವಾಸಿ. 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿದೆ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದ ಬಟ್ಟೆ ಇಲ್ಲಿಗೆ ಬರುತ್ತದೆ; ಧಾರವಾಡದ ಬಳಿಯ ಗರಗಕ್ಕೂ ಈ ನೇಯ್ಗೆಯಲ್ಲಿ ದೊಡ್ಡ ಹೆಸರಿದೆ. ಬಟ್ಟೆಗೆ ಬಣ್ಣ ಹಾಕಿ, ಬಿಳಿ ತುಂಡಿನ ಮೇಲೆ ಚಕ್ರ ಅಚ್ಚೊತ್ತಿ, ಮೂರನ್ನೂ ಜೋಡಿಸಿ ಹೊಲಿದು, ಕೊನೆಗೆ ಹಗ್ಗ ಸೇರಿಸುತ್ತಾರೆ. ಕೋಲಿನ ಕಡೆಯ ಅಂಚಿಗೆ ಬೇರೆಯೇ ದಪ್ಪ ಖಾದಿ. ಎಲ್ಲಕ್ಕಿಂತ ನಾಜೂಕಿನ ಕೆಲಸ ಚಕ್ರದ್ದು. ಅದನ್ನು ಬಟ್ಟೆಯ ಎರಡೂ ಬದಿಗೆ ಒತ್ತಬೇಕು, ಒಂದು ಬದಿಯ ಗೆರೆಯ ಮೇಲೆ ಇನ್ನೊಂದು ಬದಿಯ ಗೆರೆ ಸರಿಯಾಗಿ ಕೂರಬೇಕು. ಕೂದಲೆಳೆ ಜರುಗಿದರೂ ಬಿಸಿಲಿಗೆ ಹಿಡಿದಾಗ ಜೋಡಿ ಚಕ್ರ ಕಾಣುತ್ತದೆ.

2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಂದ ತಿದ್ದುಪಡಿಯ ನಂತರ ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಬಾವುಟಕ್ಕೂ ಅನುಮತಿ ಸಿಕ್ಕಿದೆ. ಬಾವುಟ ಮನೆಮನೆಗೆ ತಲುಪಲು ಅದರಿಂದ ಅನುಕೂಲವಾಯಿತು, ನಿಜ. ಆದರೆ ಕೈನೂಲಿನ ಬಟ್ಟೆ ಬಾವುಟದ ಅರ್ಥದ ಒಂದು ಭಾಗವೇ ಆಗಿತ್ತು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಗೋಡೆಯ ಮೇಲೆ ಅಡ್ಡಲಾಗಿ ಹಾಕಿದರೆ ಕೇಸರಿ ಮೇಲೆ. ಉದ್ದುದ್ದವಾಗಿ ಇಳಿಬಿಟ್ಟರೆ ನೋಡುವವರ ಎಡಕ್ಕೆ ಕೇಸರಿ. ಹರಿದ ಬಾವುಟವನ್ನು ಹಾರಿಸಬಾರದು, ಕಸಕ್ಕೂ ಎಸೆಯಬಾರದು. ಖಾಸಗಿಯಾಗಿ, ಗೌರವದಿಂದ ಸುಡುವುದು ಧ್ವಜ ಸಂಹಿತೆ ಹೇಳುವ ಕ್ರಮ. ಮುಂದಿನ ಸಲ ಕೊಳ್ಳುವಾಗ ಅಂಗಡಿಯಲ್ಲೇ ಬಿಡಿಸಿ ಗೆರೆ ಎಣಿಸಿ, ತಿರುಗಿಸಿ ನೋಡಿ. ಸಾಧ್ಯವಾದರೆ ಖಾದಿಯದ್ದನ್ನೇ ಕೇಳಿ ತೆಗೆದುಕೊಳ್ಳಿ.