ಚಿಕಿತ್ಸಾ ಸ್ಥಿತ್ಯಂತರ

ಚಿಕಿತ್ಸಾ ಸ್ಥಿತ್ಯಂತರ ಎಂದರೆ ದೀರ್ಘಕಾಲಿಕ ಕಾಯಿಲೆಯುಳ್ಳ ಹದಿಹರೆಯದವರನ್ನು ಮಕ್ಕಳ ವೈದ್ಯರ ಆರೈಕೆಯಿಂದ ವಯಸ್ಕರ ವೈದ್ಯರ ಆರೈಕೆಗೆ ಯೋಜಿತವಾಗಿ, ಹಂತಹಂತವಾಗಿ ಒಪ್ಪಿಸುವ ಕ್ರಮ. ಇದು ಕಡತದ ವರ್ಗಾವಣೆಯಷ್ಟೇ ಅಲ್ಲ. ತಾಯಿತಂದೆಯರು ನಿರ್ವಹಿಸುತ್ತಿದ್ದ ಔಷಧ, ತಪಾಸಣೆ ಹಾಗೂ ನಿರ್ಧಾರಗಳನ್ನು ರೋಗಿಯು ತಾನೇ ವಹಿಸಿಕೊಳ್ಳಲು ಕಲಿಯುವ ಅವಧಿಯೂ ಹೌದು. ಅಮೆರಿಕದ ಹದಿಹರೆಯ ವೈದ್ಯಕೀಯ ಸಂಘವು 1993ರಲ್ಲಿ ಈ ಕುರಿತ ನಿಲುವನ್ನು ಪ್ರಕಟಿಸಿತು. ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿಯ ಪ್ರಕಾರ ಸಿದ್ಧತೆಯು 13-14ನೆಯ ವಯಸ್ಸಿಗೇ ಆರಂಭವಾಗಬೇಕು.

ಚಳ್ಳಕೆರೆ ಮತ್ತು ಮೊಳಕಾಲ್ಮೂರು

ಈ ಎರಡೂ ಚಿತ್ರದುರ್ಗ ಜಿಲ್ಲೆಯ ಆಂಧ್ರಪ್ರದೇಶದ ಗಡಿಗೆ ಹೊಂದಿದ ಬಯಲುಸೀಮೆಯ ತಾಲ್ಲೂಕುಗಳು. ತಾಲ್ಲೂಕು ಆಸ್ಪತ್ರೆಗಳಿದ್ದರೂ ವಿಶೇಷ ಚಿಕಿತ್ಸೆಗೆ ಚಿತ್ರದುರ್ಗ, ದಾವಣಗೆರೆ, ಬಳ್ಳಾರಿ ಅಥವಾ ಬೆಂಗಳೂರಿಗೆ ಹೋಗಬೇಕಾಗುತ್ತದೆ. ಮೊಳಕಾಲ್ಮೂರಿನವರಿಗೆ ಸ್ವಂತ ಜಿಲ್ಲಾ ಕೇಂದ್ರಕ್ಕಿಂತ ಬಳ್ಳಾರಿಯೇ ಹತ್ತಿರ. ಹೀಗಾಗಿ ಬಾಲ್ಯದ ದಾಖಲೆ ಒಂದೂರಿನಲ್ಲಿ, ಮುಂದಿನ ವೈದ್ಯರು ಇನ್ನೊಂದೂರಿನಲ್ಲಿ ಎಂಬ ಸ್ಥಿತಿ ಸುಲಭವಾಗಿ ಒದಗುತ್ತದೆ. ಇಂಥಲ್ಲಿ ರೋಗನಿರ್ಣಯ, ಶಸ್ತ್ರಚಿಕಿತ್ಸೆ ಮತ್ತು ಔಷಧದ ಪ್ರಮಾಣಗಳನ್ನು ಬರೆದ ಒಂದು ಹಾಳೆಯ ಸಾರಾಂಶವು ದಪ್ಪ ಕಡತಕ್ಕಿಂತ ಹೆಚ್ಚು ಉಪಯುಕ್ತ.

ಸರ್ಕಾರಿ ಯೋಜನೆಗಳ ವಯೋಮಿತಿ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದ 18 ವರ್ಷದವರೆಗಿನವರನ್ನು ಒಳಗೊಳ್ಳುತ್ತದೆ. ಸಂಚಾರಿ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಬೇಕು. ತಪಾಸಣೆಯು ಶಾಲೆಯನ್ನೇ ಅವಲಂಬಿಸಿರುವುದರಿಂದ, ಹತ್ತನೆಯ ತರಗತಿಗೆ ಓದು ಬಿಟ್ಟು ಕೂಲಿಗೋ ಮಗ್ಗಕ್ಕೋ ಹೋದವರು 18 ತುಂಬುವ ಮೊದಲೇ ಅದರ ಕಣ್ಣಿನಿಂದ ಮರೆಯಾಗುತ್ತಾರೆ. 2014ರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವು 10ರಿಂದ 19 ವರ್ಷದವರಿಗೆ ಸಂಬಂಧಿಸಿದ್ದು, ಅದರ ಸ್ನೇಹ ಕ್ಲಿನಿಕ್‌ಗಳಲ್ಲಿ ಆಪ್ತಸಮಾಲೋಚನೆ ದೊರೆಯುತ್ತದೆ. ಆ ಬಳಿಕದ ಆಸ್ಪತ್ರೆ ವೆಚ್ಚಕ್ಕೆ 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿದೆ, ಅದಕ್ಕೆ ವಯೋಮಿತಿಯಿಲ್ಲ.

ಕಾಯಿಲೆಗಳು

ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಟ್ಟವರಿಗೆ ಮೂರ್ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಬೇಕು. ಕವಾಟದ ಹಾನಿ ಉಳಿದಿದ್ದರೆ ಇದನ್ನು ಕನಿಷ್ಠ 10 ವರ್ಷ ಅಥವಾ 40ನೆಯ ವಯಸ್ಸಿನವರೆಗೆ, ಯಾವುದು ದೀರ್ಘವೋ ಅಷ್ಟು ಕಾಲ, ಮುಂದುವರಿಸಬೇಕೆಂಬುದು ಪ್ರಚಲಿತ ಸಲಹೆ. ಮೈಯಲ್ಲಿ ನೋವಿಲ್ಲದ ಕಾರಣ ಹದಿನೆಂಟರ ಹುಡುಗನಿಗೆ ಇದು ಅನಗತ್ಯವೆನಿಸುತ್ತದೆ. ಚುಚ್ಚುಮದ್ದು ನಿಂತರೆ ಜ್ವರ ಮರುಕಳಿಸಬಹುದು; ಪ್ರತಿ ಮರುಕಳಿಕೆಯೂ ಕವಾಟವನ್ನು ಇನ್ನಷ್ಟು ಕೆಡಿಸಬಲ್ಲದು.

ಅಪಸ್ಮಾರಕ್ಕೆ ಬಾಲ್ಯದಲ್ಲಿ ಕೊಟ್ಟ ವಾಲ್ಪ್ರೊಯೇಟ್ ಗರ್ಭಸ್ಥ ಶಿಶುವಿಗೆ ಅಪಾಯಕಾರಿ. ಆದ್ದರಿಂದ ಹುಡುಗಿಯ ಔಷಧವನ್ನು ಮದುವೆಗೆ ಸಾಕಷ್ಟು ಮೊದಲೇ ಮರುಪರಿಶೀಲಿಸಬೇಕು. ಮದುವೆಯ ಮಾತು ಬಂದಾಗ ಕಾಯಿಲೆಯನ್ನು ಮುಚ್ಚಿಟ್ಟು, ಗಂಡನ ಮನೆಯಲ್ಲಿ ಮಾತ್ರೆಯನ್ನೇ ದಿಢೀರನೆ ನಿಲ್ಲಿಸುವುದು ಇದಕ್ಕಿಂತಲೂ ಅಪಾಯಕರ. ಬಿಡದೆ ಬರುವ ಸೆಳವು ಪ್ರಾಣ ತೆಗೆಯಬಲ್ಲದು.

ಹಿಮೋಫಿಲಿಯಾದಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶದ ಪ್ರಮಾಣವು ದೇಹತೂಕಕ್ಕೆ ತಕ್ಕಂತೆ ನಿಗದಿಯಾಗುವುದರಿಂದ ಬೆಳೆದಂತೆಲ್ಲ ಹೆಚ್ಚು ಬೇಕಾಗುತ್ತದೆ. ಮಧ್ಯ ಕರ್ನಾಟಕದಲ್ಲಿ ಈ ರೋಗಿಗಳ ಆರೈಕೆಗೆ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಹೆಸರಾಗಿದೆ. ಅದನ್ನು ಕಟ್ಟಿದ ಡಾ. ಸುರೇಶ ಹನಗವಾಡಿ ಸ್ವತಃ ಹಿಮೋಫಿಲಿಯಾ ಉಳ್ಳವರು.

ಕಾನೂನು

18 ತುಂಬಿದ ಮೇಲೆ ಚಿಕಿತ್ಸೆಗೆ ಒಪ್ಪಿಗೆ ನೀಡುವ ಅಧಿಕಾರ ರೋಗಿಯದು. ಬೌದ್ಧಿಕ ಅಸಾಮರ್ಥ್ಯ, ಆಟಿಸಂ, ಮೆದುಳಿನ ಪಾರ್ಶ್ವವಾಯು ಅಥವಾ ಬಹುವಿಧ ಅಂಗವೈಕಲ್ಯ ಉಳ್ಳವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಪೋಷಕರನ್ನು ನೇಮಿಸಲು ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಹಿಮೋಫಿಲಿಯಾ, ತಲಸ್ಸೇಮಿಯಾ ಮತ್ತು ಕುಡಗೋಲು ಕಣ ರೋಗಗಳು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಸೇರಿವೆ.